ಮುಳುಗು ಸೇತುವೆಯ ಟಪಾಲು

ಮಳೆಗಾಲ ಬಂತೆಂದರೆ ನಮ್ಮೂರಿನ ಮುಳುಗು ಸೇತುವೆ ನೀರಿನಡಿಗೆ. ನಾವು ದೋಣಿಯಲ್ಲಿ ದಾಟುತ್ತಿದ್ದೆವು. ಸರಕಾರಿ ಟಪಾಲುಚೀಲಕ್ಕೆ ಮಾತ್ರ ದೋಣಿ ಹತ್ತಲು ಅಪ್ಪಣೆಯಿಲ್ಲ; ಅದರ ಜೀವ ನಮ್ಮ ಜೀವಕ್ಕಿಂತ ತುಟ್ಟಿ. ಎಂಬತ್ತರ ದಶಕದ ಶುರುವಿನಲ್ಲಿ ಮೇಲಿನವರು ಒಂದು ಏರ್ಪಾಡು ಮಾಡಿದರು: ಸೇತುವೆ ಮುಳುಗಿದಷ್ಟು ದಿನ ಪೇಟೆಯ ಅಂಚೆಕಚೇರಿ ನಮ್ಮೂರಿನ ಕಾಗದಗಳನ್ನು ಹೊಳೆಯ ಆಚೆ ದಡದ ಸಣ್ಣ ಕಚೇರಿಗೆ ಕಳಿಸಬೇಕು. ಅಲ್ಲಿಂದ ನಾವು ತಂದುಕೊಳ್ಳುವುದು ಎಂದುಕೊಂಡೆವು. ಅದನ್ನು ಅಲ್ಲಿನ ಪೋಸ್ಟ್ ಮಾಸ್ಟರಿಗೆ ಯಾರೂ ಹೇಳಿರಲಿಲ್ಲ.

ಆ ವರ್ಷ ನೆರೆಮನೆಯ ಬ್ಯಾರಿಗಳ ಸೊಸೆ ಗಂಡನ ಕಾಗದಕ್ಕೆ ಕಾದು ಕಾದು ಸೊರಗಿದ್ದಳು. ಮದುವೆಯಾದ ವರ್ಷವೇ ಗಲ್ಫಿಗೆ ಹೋದವನು. ಕೆಲಸ ಬದಲಾಗುತ್ತದೆ, ಹೊಸ ವಿಳಾಸವನ್ನೂ ಊರಿಗೆ ಬರುವ ವಿಷಯವನ್ನೂ ಮುಂದಿನ ಕಾಗದದಲ್ಲಿ ತಿಳಿಸುತ್ತೇನೆ ಎಂದು ಬರೆದಿದ್ದ. ಓದಿ ಹೇಳಿದವಳು ನಾನೇ. ದಿನಾ ದೋಣಿ ದಾಟಿ ಬಸ್ಸು ಹಿಡಿದು ಕಡಬ ಪೇಟೆಯ ಶಾಲೆಗೆ ಹೋಗುತ್ತಿದ್ದ ನನ್ನನ್ನು ಸಂಜೆ ದೋಣಿ ಇಳಿಯುವಲ್ಲೇ ತಡೆಯುತ್ತಿದ್ದಳು.

"ಎಂತ ಟೀಚರೇ, ಉಂಟಾ?"

ಆಚೆ ದಡದಲ್ಲಿ ವಿಚಾರಿಸಿದೆ. "ನಿಮ್ಮೂರಿನದ್ದು ನಾವು ಇಟ್ಕೊಳ್ಳುದಲ್ಲ ಟೀಚರೇ, ಬಂದಲ್ಲಿಗೇ ವಾಪಸ್ ಕಳಿಸುದು" ಎಂದರು ಪೋಸ್ಟ್ ಮಾಸ್ಟರು. ಪೇಟೆಯಲ್ಲಿ ವಿಚಾರಿಸಿದೆ. "ಸೇತುವೆ ಮುಳುಗಿದೆಯಲ್ಲ, ವಾಪಸ್ ಬಂದದ್ದನ್ನೆಲ್ಲ ಪುನಃ ಅಲ್ಲಿಗೇ ಕಳಿಸ್ತಾ ಇದ್ದೇವೆ" ಎಂದರು ಗುಮಾಸ್ತರು. ಠಸ್ಸೆ ಹೊಡೆಯುವುದರಲ್ಲಿ ಎರಡು ಕಡೆಯವರೂ ಸೋಮಾರಿಗಳಲ್ಲ. ಬಸ್ಸಿನ ಕಂಡಕ್ಟರು, "ಈ ಚೀಲಕ್ಕೂ ಒಂದು ಪಾಸ್ ಮಾಡಿಸ್ಬೇಕು ಮಾರಾಯ್ರೆ, ನಿಮ್ಮ ಹಾಗೇ ದಿನಾ ಹೋಗಿ ಬರ್ತದೆ" ಎಂದು ಹಲ್ಲು ಕಿಸಿದ. ನನಗೆ ಪಿತ್ತ ನೆತ್ತಿಗೇರಿತು.

ಪೇಟೆಯ ಕಚೇರಿಗೆ ಹೋಗಿ ಮೇಜು ಗುದ್ದಿದೆ. "ಅಲ್ಲಿಗೆ ಹೋದದ್ದು ಅಲ್ಲೇ ನಿಲ್ಲಲಿ ಅಂತ ಒಂದು ಸಾಲು ಬರೆದು ಕಳಿಸಿ!"

"ಹಾಗೆ ನಾವಾಗಿ ಬರೆಯುವ ಹಾಗಿಲ್ಲ. ದೂರು ಉಂಟಾದ್ರೆ ಮೇಲಿನವರಿಗೆ ಬರೀರಿ. ಉತ್ತರ ಟಪಾಲಿನಲ್ಲೇ ಬರ್ತದೆ."

ಬರೆದೆ. ಬರೆಯದೆ ಇನ್ನೇನು ಮಾಡಲಿ?

ಸೆಪ್ಟೆಂಬರ್ ಕೊನೆಗೆ ನೀರು ಇಳಿಯಿತು, ಎಲ್ಲ ಒಂದೇ ದಿನ ಬಂತು. ನನ್ನ ದೂರಿಗೆ ಉತ್ತರವೂ ಅದರಲ್ಲಿತ್ತು: ಏರ್ಪಾಡು ಸರಿಯಾಗಿಯೇ ಇದೆ, ಯಾವ ಕಾಗದವೂ ಕಳೆದುಹೋಗಿಲ್ಲ. ಆ ಲಕೋಟೆಯ ಮೇಲೂ ಸಂದಿಲ್ಲದಂತೆ ಠಸ್ಸೆಗಳು.

ಬ್ಯಾರಿಗಳ ಸೊಸೆಗೆ ಬಂದ ಕಾಗದವನ್ನು ಅವರ ಜಗಲಿಯಲ್ಲಿ ಕೂತು ಓದಿ ಹೇಳಿದೆ. "ನೀನು ಬರಲು ಹೇಳಿದರೆ ರಜೆ ಹಾಕಿ ಬರುತ್ತೇನೆ. ಆಗಸ್ಟ್ ಮುಗಿಯುವುದರೊಳಗೆ ಉತ್ತರ ಬಾರದಿದ್ದರೆ ನಿನಗೆ ಮನಸ್ಸಿಲ್ಲವೆಂದು ತಿಳಿದು ಇನ್ನೆರಡು ವರ್ಷಕ್ಕೆ ಸಹಿ ಹಾಕುತ್ತೇನೆ."

ಅವಳು ಕಾಗದ ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡಳು. ಲಕೋಟೆಯ ಮೇಲಿನ ಠಸ್ಸೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

"ಇದು ಆಚೆ ದಡದವರೆಗೂ ಬಂದಿತ್ತಾ ಟೀಚರೇ? ನಾನು ದಿನಾ ಈಚೆ ದಡದಲ್ಲೇ ನಿಂತಿದ್ದೆನಲ್ಲ."