ಕುರ್ಚಿಗೊಂದು ಟವೆಲ್

ಸಿದ್ದಗಂಗಯ್ಯನವರು ಮೂವತ್ತನಾಲ್ಕು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಬೆಳಿಗ್ಗೆ ಗುಬ್ಬಿ, ಮಧ್ಯಾಹ್ನ ಕುಣಿಗಲ್, ಸಂಜೆಗೆ ಮತ್ತೆ ತುಮಕೂರು. ಅವರು ಎರಡು ವಿಸಿಲ್ ಊದಿದ ಮೇಲೆ ಯಮ ಕೈ ಅಡ್ಡ ಹಿಡಿದರೂ ಬಸ್ಸು ನಿಲ್ಲುತ್ತಿರಲಿಲ್ಲ ಎನ್ನುವುದು ಆ ದಾರಿಯ ಮಾತು. ಯಮ ಒಮ್ಮೆ ಹೆಗ್ಗೆರೆ ಹತ್ತಿರ ನಿಜಕ್ಕೂ ಕೈ ಹಿಡಿದಿದ್ದನಂತೆ. ಬಸ್ಸು ನಿಲ್ಲಲಿಲ್ಲ. ಕೋಣದ ಮೇಲೇ ಕೂತು ಅವನು ಗುಬ್ಬಿ ಮುಟ್ಟುವಷ್ಟರಲ್ಲಿ, ಕರೆದೊಯ್ಯಬೇಕಾಗಿದ್ದ ಮುದುಕ ಎದ್ದು ಕೂತು ಎರಡನೇ ಮುದ್ದೆ ಮುರಿಯುತ್ತಿದ್ದ. ಆ ಮುದುಕ ಇನ್ನೂ ಇದ್ದಾನೆ, ಬೇಕಾದರೆ ಹೋಗಿ ಕೇಳಿ ಎನ್ನುತ್ತಾರೆ ಸಿದ್ದಗಂಗಯ್ಯ. ಯಾರೂ ಹೋಗಿ ಕೇಳಿಲ್ಲ.

ಯಮನ ಕತೆ ಸುಳ್ಳಿರಬಹುದು, ಹೆಂಡತಿಯದು ಸುಳ್ಳಲ್ಲ. ಮದುವೆಯಾದ ಹೊಸತರಲ್ಲಿ ಮಹಾಲಕ್ಷ್ಮಮ್ಮ ಗಂಡನ ಬಸ್ಸಿನಿಂದ ಗುಬ್ಬಿ ಸ್ಟ್ಯಾಂಡಿನಲ್ಲಿ ಮೊಳ ಹೂವು ತರಲು ಇಳಿದಿದ್ದರು. ಸಿದ್ದಗಂಗಯ್ಯ ಗಡಿಯಾರ ನೋಡಿದರು, ಎರಡು ವಿಸಿಲ್ ಊದಿದರು. ಹೆಂಡತಿ ಮುಂದಿನ ಬಸ್ಸಿಗೆ ಬಂದರು. ಬಂದು ಎಂಟು ದಿನ ಮಾತಾಡಲಿಲ್ಲ.

"ಟೈಮ್ ಅಂದ್ರೆ ಟೈಮು ಕಣೇ" ಎಂದಿದ್ದರು ಸಿದ್ದಗಂಗಯ್ಯ. ಆ ಮಾತು ಮೂವತ್ತೆಂಟು ವರ್ಷವಾದರೂ ಸಾರಿಗೆ ಉಪ್ಪು ಹೆಚ್ಚಾದಾಗಲೆಲ್ಲ ಹೆಂಡತಿಯ ಬಾಯಿಂದ ವಾಪಸ್ ಬರುತ್ತಿತ್ತು.

ನಿವೃತ್ತಿಯ ಮೇಲೆ ಇಬ್ಬರೂ ತುಮಕೂರಿನ ಅಂಚಿನ ಗಂಗಾಂಬಿಕಾ ಬಡಾವಣೆಯಲ್ಲಿ ಮನೆ ಮಾಡಿದರು. ಬಡಾವಣೆಗೆ ಎಲ್ಲವೂ ಇತ್ತು, ಬಸ್ಸೊಂದು ಬಿಟ್ಟು. ಮೇನ್ ರೋಡು ಒಂದೂವರೆ ಕಿಲೋಮೀಟರ್ ದೂರ. ಮಹಾಲಕ್ಷ್ಮಮ್ಮನ ಎಡಮಂಡಿ ಮಡಚುವುದನ್ನು ನಿಲ್ಲಿಸಿತ್ತು. ಅಷ್ಟು ದೂರ ನಡೆಯಲಾಗದು, ಆಟೋದೊಳಗೆ ಕಾಲು ಚಾಚಲಾಗದು. ಗುಬ್ಬಿಯಲ್ಲಿರುವ ತಂಗಿ ಚಿಕ್ಕಗಂಗಮ್ಮನ ಮುಖ ನೋಡಿ ಎಂಟು ತಿಂಗಳಾಗಿತ್ತು.

ತುಮಕೂರು ಸ್ಟ್ಯಾಂಡಿನಿಂದ ಹೊರಟು ಹಳ್ಳಿ ಸುತ್ತಿ ಸ್ಟ್ಯಾಂಡಿಗೇ ಮರಳುವ ಸುತ್ತು ಬಸ್ಸೊಂದಿತ್ತು. ಅದನ್ನು ಬಡಾವಣೆಯೊಳಗೆ ತಿರುಗಿಸಿ ಎಂದು ಸಿದ್ದಗಂಗಯ್ಯ ಅರ್ಜಿ ಕೊಟ್ಟರು. ಕಚೇರಿಯವರು ಇಲ್ಲವೆನ್ನಲಿಲ್ಲ. ಅರ್ಜಿಯಲ್ಲಿ ಬಸ್ಸು ಕೇಳುವವರು ಬಹಳ, ಹತ್ತುವವರು ಕಡಿಮೆ, ಹಾಗಾಗಿ ಬಡಾವಣೆ ಸಂಘದ ಸಭೆಯಲ್ಲಿ ನಲವತ್ತು ಜನ ನಮ್ಮೆದುರೇ ಕೂತು ಸಹಿ ಹಾಕಲಿ ಎಂದರು.

ಸಂಘದ ಅಧ್ಯಕ್ಷ ರೇಣುಕಾಪ್ರಸಾದ್, ಹಿರೇಹಳ್ಳಿಯ ಕಾರ್ಖಾನೆಯೊಂದರ ಸೂಪರ್‌ವೈಸರ್, ಒಂದು ಭಾನುವಾರ ಸಭೆ ಕರೆದರು. ವಾಟ್ಸಾಪ್ ಗ್ರೂಪಿನಲ್ಲಿ ಅರವತ್ತಮೂರು ಹೆಬ್ಬೆಟ್ಟು ಬಿದ್ದವು. ಸಭೆಗೆ ಬಂದವರು ಏಳು ಜನ. ಎರಡನೇ ಭಾನುವಾರ ಐದು ಜನ, ಒಂದು ನಾಯಿ. ಮೂರನೇ ಭಾನುವಾರ ಇಬ್ಬರೇ. ಅದರಲ್ಲಿ ರೇಣುಕಾಪ್ರಸಾದ್ ಬಂದದ್ದು ಬೀಗದ ಕೈ ಅವರ ಹತ್ತಿರ ಇದ್ದದ್ದಕ್ಕೆ.

"ಯಾಕಪ್ಪ ಪುಟ್ಟರಂಗಯ್ಯ, ಮೀಟಿಂಗಿಗೆ ಬರ್ಲಿಲ್ಲ?" ಎಂದು ಸಿದ್ದಗಂಗಯ್ಯ ಎದುರುಮನೆಯವರನ್ನು ಕೇಳಿದರು.

"ಭಾನ್ವಾರ ಊರಿಗೋಗ್ತೀನಲ್ಲ ಕಂಡಕ್ಟ್ರೇ. ಕಾಯಿ ಕೀಳ್ಸೋದಿತ್ತು."

"ಮತ್ತೆ ಇದ್ಯಾವೂರು?"

"ಇದಾ? ಇದು ಮನೆ ಕಣಣ್ಣ. ಊರು ಅಂದ್ರೆ ಹುತ್ರಿದುರ್ಗ."

"ಇಲ್ಲಿಗ್ ಬಂದು ಎಷ್ಟ್ ವರ್ಸ ಆಯ್ತು?"

"ಹತ್ತೊಂಬತ್ತು."

ಸಿದ್ದಗಂಗಯ್ಯ ಮನೆಗೆ ಬಂದು ಹೆಂಡತಿಗೆ ಹೇಳಿದರು: "ಹತ್ತೊಂಬತ್ತು ವರ್ಸದಿಂದ ಸೀಟಲ್ಲಿ ಕೂತವ್ನೆ, ಇನ್ನೂ ನನ್ ಸ್ಟಾಪ್ ಬಂದಿಲ್ಲ ಅಂತವ್ನೆ ಕಣೇ."

"ನೀವೇನ್ ಕಮ್ಮಿ ಬುಡಿ" ಎಂದರು ಮಹಾಲಕ್ಷ್ಮಮ್ಮ ಮಂಡಿಗೆ ಎಣ್ಣೆ ತಿಕ್ಕುತ್ತ. "ನಿಮ್ ವೋಟು ಇನ್ನೂ ನಿಮ್ಮೂರು ಊರ್ಡಿಗೆರೇಲೇ ಐತಲ್ಲ."

ಸಿದ್ದಗಂಗಯ್ಯ ಟೀವಿ ಹಾಕಿದರು.

ಕಚೇರಿಯಿಂದ ಕೊನೆಯ ಮಾತು ಬಂತು. ಗುರುವಾರ ಸಂಜೆ ಆರಕ್ಕೆ ಅಧಿಕಾರಿ ಬರುತ್ತಾರೆ, ನಲವತ್ತು ಜನ ಇಲ್ಲದಿದ್ದರೆ ಬಸ್ಸು ಇನ್ನೊಂದು ಬಡಾವಣೆಗೆ. ಸಿದ್ದಗಂಗಯ್ಯ ನಾಲ್ಕು ಗಂಟೆಗೇ ನೀರಿನ ಟ್ಯಾಂಕಿನ ಪಕ್ಕದ ಸಂಘದ ಶೆಡ್ಡಿನ ಬಾಗಿಲು ತೆಗೆಸಿ ಕುರ್ಚಿ ಹಾಕಿಸಿದರು. ಆಮೇಲೆ ಚೀಲದಿಂದ ಒಂದೊಂದಾಗಿ ಟವೆಲ್, ಕರ್ಚೀಫು, ದಿಂಬಿನ ಕವರು, ಹಳೇ ಲುಂಗಿಯ ತುಂಡು ತೆಗೆದು ಮುಕ್ಕಾಲು ಪಾಲು ಕುರ್ಚಿಗಳ ಮೇಲೆ ಹಾಕುತ್ತ ಹೋದರು.

"ಇದೇನ್ ಸಾರ್, ಬಟ್ಟೆ ಒಣಗಾಕ್ತಿದೀರಾ?" ಎಂದರು ರೇಣುಕಾಪ್ರಸಾದ್.

"ಖಾಲಿ ಬಸ್ಸಿಗೆ ಯಾವನ್ರೀ ಹತ್ತುತಾನೆ? ಕೆಟ್ಟೋಗಿರ್ಬೇಕು ಅಂದ್ಕೊಂಡು ಹಿಂದಿನ್ ಬಸ್ಸಿಗೆ ಕಾಯ್ತಾನೆ. ಸೀಟ್ ಫುಲ್ಲಾಗ್ತೈತೆ ಅಂದ್ರೆ ಕಿಟಕೀಲೇ ನುಗ್ತಾನೆ."

ಟವೆಲ್ ಬಿದ್ದ ಸೀಟಿನಲ್ಲಿ ಈ ಸೀಮೆಯಲ್ಲಿ ದೇವರೂ ಕೂರುವುದಿಲ್ಲ. ಒಂದು ಸಲ ಕುಣಿಗಲ್ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದವನು ಬಸ್ಸನ್ನೇ ತಪ್ಪಿಸಿಕೊಂಡನಂತೆ. ಇಪ್ಪತ್ತು ಜನ ನಿಂತೇ ಹೋದರು, ಟವೆಲ್ ಮಾತ್ರ ಕಿಟಕಿ ಪಕ್ಕ ಗಾಳಿ ಕುಡಿಯುತ್ತ ಕುಣಿಗಲ್‌ವರೆಗೆ ಹೋಯಿತು. ಅದಕ್ಕೆ ಟಿಕೆಟ್ ಹರಿದು ಕೊಟ್ಟಿದ್ದೆ ಎನ್ನುತ್ತಾರೆ ಸಿದ್ದಗಂಗಯ್ಯ.

ಹಾಲಿಗೆ ಹೊರಟಿದ್ದ ಎರಡನೇ ಕ್ರಾಸಿನ ಮಂಗಳಗೌರಿ ಬಾಗಿಲಲ್ಲಿ ನಿಂತರು. "ಯಾರ್ದು ಇಷ್ಟೊಂದ್ ಟವಲ್ಲು?"

"ಸೀಟ್ ಹಿಡಿದವ್ರೆ ಕಣಮ್ಮ. ಹಿಂದ್ಗಡೆ ಒಂದತ್ತು ಉಳಿದವೆ ನೋಡು."

"ಯಾರು ಹಿಡಿದಿರೋದು?"

"ಮೂರನೇ ಕ್ರಾಸ್ನೋರು."

"ಮೂರನೇ ಕ್ರಾಸ್ನೋರಾ? ಅವ್ರೇ ಎಲ್ಲಾ ತೀರ್ಮಾನ ಮಾಡ್ಕೊಂಡ್ರೆ ಬಸ್ಸು ಅವರ ಮನೆ ಮುಂದೇನೇ ನಿಲ್ಲುತ್ತೆ ಅಷ್ಟೆ!"

ಮಂಗಳಗೌರಿ ಹಾಲಿನ ಪಾತ್ರೆಯನ್ನು ಅಲ್ಲೇ ಒಂದು ಕುರ್ಚಿಯ ಮೇಲಿಟ್ಟು ಸೀಟು ಹಿಡಿದು, ಮನೆಯವರನ್ನೆಲ್ಲ ಕರೆತರಲು ಓಡಿದರು. ಸಿದ್ದಗಂಗಯ್ಯ ಮೂರನೇ ಕ್ರಾಸಿಗೆ ಹೋಗಿ, ಎರಡನೇ ಕ್ರಾಸಿನವರು ಸೀಟು ಹಿಡಿದ ಸುದ್ದಿ ಮುಟ್ಟಿಸಿದರು. ಆಮೇಲೆ ಬಂದವರಿಗೆಲ್ಲ, "ಇದರವ್ರು ಇನ್ನೂ ಬಂದಿಲ್ಲ, ನೀನ್ ಕೂತ್ಕ, ನಾನ್ ಹೇಳ್ಕೊತೀನಿ" ಎಂದು ದೊಡ್ಡ ಉಪಕಾರ ಮಾಡುವವರಂತೆ ಟವೆಲ್ ಎತ್ತಿ ಕೊಟ್ಟರು. ಪುಟ್ಟರಂಗಯ್ಯ ಎರಡು ಸೀಟು ಕೇಳಿ ಒಂದು ಪಡೆದರು.

ಆರಕ್ಕೆ ಅಧಿಕಾರಿ ಎಣಿಸಿದರು. ಮೂವತ್ತೊಂಬತ್ತು. ಇನ್ನೊಮ್ಮೆ ಎಣಿಸಿದರು. ಅಷ್ಟೇ.

ಮುಂದಿನ ಸಾಲಿನ ಒಂದು ಕುರ್ಚಿಯ ಮೇಲೆ ಹಸಿರು ಟವೆಲ್ ಹಾಗೇ ಇತ್ತು. ಅದು ಮಹಾಲಕ್ಷ್ಮಮ್ಮನದು. 'ನೀವ್ ಮುಂದೆ ನಡೀರಿ, ಬತ್ತೀನಿ' ಎಂದಿದ್ದರು. ಸಿದ್ದಗಂಗಯ್ಯ ಎಂದಿನಂತೆ ಮುಂದೆ ನಡೆದಿದ್ದರು. ಈಗ ಕಿಟಕಿಯಲ್ಲಿ ನೋಡಿದರೆ ಹೆಂಡತಿ ಮೊದಲನೇ ಕ್ರಾಸಿನ ಆ ತುದಿಯಲ್ಲಿ, ಕೋಲೂರಿಕೊಂಡು, ರಸ್ತೆಯ ಹಂಪಿನ ಎದುರು ನಿಂತು ಅದನ್ನು ಹೇಗೆ ದಾಟುವುದೆಂದು ಯೋಚಿಸುತ್ತಿದ್ದರು.

ಅಧಿಕಾರಿ ಫೈಲ್ ಮುಚ್ಚಿ ಎದ್ದರು. "ನಂಗೆ ಇನ್ನೊಂದ್ ಕಡೆ ಹೋಗ್ಬೇಕು ಯಜಮಾನ್ರೆ. ನೀವೂ ಡಿಪಾರ್ಟ್‌ಮೆಂಟ್ನೋರೇ. ಟೈಮ್ ಅಂದ್ರೆ ಟೈಮು, ಅಲ್ವಾ?"

ಸಿದ್ದಗಂಗಯ್ಯ ಕಿಟಕಿಯತ್ತ ಇನ್ನೊಮ್ಮೆ ನೋಡಿದರು. ಕೈ ಜೇಬಿಗೆ ಹೋಯಿತು. ಹಳೇ ವಿಸಿಲ್ ತೆಗೆದು ಊದಿದರು, ಒಂದೇ ಒಂದು ಸಲ. ಒಂದು ವಿಸಿಲ್ ಎಂದರೆ ನಿಲ್ಲು. ಅಧಿಕಾರಿಯೂ ಕಂಡಕ್ಟರ್ ಆಗಿಯೇ ಮೇಲೆ ಬಂದವರು. ಕಾಲು ತಾನಾಗಿಯೇ ನಿಂತಿತು.

"ಒಬ್ರು ಹತ್ತೋರವ್ರೆ ಸಾರ್" ಎಂದರು ಸಿದ್ದಗಂಗಯ್ಯ.

ಉಳಿದ ಮೂವತ್ತೆಂಟು ಜನ ಕಿಟಕಿಯತ್ತ ಕತ್ತು ತಿರುಗಿಸಿದರು. ಮಹಾಲಕ್ಷ್ಮಮ್ಮ ಹಂಪು ದಾಟಿದರು. ಹನ್ನೊಂದು ನಿಮಿಷ ಯಾರೂ ಏಳಲಿಲ್ಲ. ಎದ್ದರೆ ಸೀಟು ಹೋಗುತ್ತದೆ.

ಅವರು ಏದುಸಿರು ಬಿಡುತ್ತ ಬಾಗಿಲಿಗೆ ಬಂದು ಗಂಡನನ್ನು ನೋಡಿದರು. "ಇದೇನ್ರೀ, ಇವತ್ತು ಬಸ್ಸು ನಿಂತೈತೆ?"

ಟವೆಲ್ ಎತ್ತಿ ಕೂತರು. ನಲವತ್ತನೇ ಸಹಿ ಹಾಕಿದರು, ಎರಡು ಗೆರೆ ಹಿಡಿಯುವಷ್ಟು ದಪ್ಪ ಅಕ್ಷರದಲ್ಲಿ.

ಮುಂದಿನ ತಿಂಗಳು ಬಸ್ಸು ಬಂತು. ಮೊದಲ ದಿನ ಬೆಳಿಗ್ಗೆ ಸಿದ್ದಗಂಗಯ್ಯ ಹತ್ತಿ, ಕಾಲು ಚಾಚಲು ಅನುಕೂಲವಾದ ಮುಂದಿನ ಸೀಟಿಗೆ ಅದೇ ಹಸಿರು ಟವೆಲ್ ಹಾಕಿ, ಹೆಂಡತಿಯನ್ನು ಹತ್ತಿಸಲು ಕೆಳಗಿಳಿದರು. ಮಹಾಲಕ್ಷ್ಮಮ್ಮ ತಂಗಿಗೆಂದು ಮೊಳ ಹೂವು ಅಳೆಸುತ್ತಿದ್ದರು.

"ಒಂದ್ ನಿಮಿಷ ಕಣಪ್ಪ" ಎಂದರು ಸಿದ್ದಗಂಗಯ್ಯ.

"ಟೈಮ್ ಆಯ್ತು ತಾತ" ಎಂದ ಹೊಸ ಕಂಡಕ್ಟರ್. ಎರಡು ವಿಸಿಲ್ ಬಿತ್ತು. ಬಸ್ಸು ಟವೆಲ್ ಸಮೇತ ಹೊರಟಿತು.

ಮಹಾಲಕ್ಷ್ಮಮ್ಮ ಕಲ್ಲುಬೆಂಚಿನ ಮೇಲೆ ಕೂತು ನಕ್ಕರು. ಮಂಡಿ ನೋಯುವಷ್ಟು ನಕ್ಕರು. "ಮೂವತ್ತೆಂಟು ವರ್ಸಕ್ಕೆ ಸರ್ಯಾಗಿ ಬಿತ್ತು ನಿಮ್ಗೆ. ಕೂತ್ಕಳಿ, ಇನ್ನೊಂದ್ ಬತ್ತದೆ."

ಒಂದೂವರೆ ಗಂಟೆಯಾದ ಮೇಲೆ ಸುತ್ತು ಮುಗಿಸಿ ಅದೇ ಬಸ್ಸು ತಿರುಗಿ ಬಂತು. ಒಳಗೆ ಹತ್ತಿಪ್ಪತ್ತು ಜನ ಒಬ್ಬರ ಕಾಲು ಒಬ್ಬರು ತುಳಿಯುತ್ತ ನಿಂತಿದ್ದರು. ಮುಂದಿನ ಸೀಟು ಖಾಲಿ, ಅದರ ಮೇಲೆ ಹಸಿರು ಟವೆಲ್. ಮಹಾಲಕ್ಷ್ಮಮ್ಮ ಅದನ್ನೆತ್ತಿ ಕೊಡವಿ, ಗಂಡನ ಹೆಗಲಿಗೆ ಹಾಕಿ, ಕಾಲು ಉದ್ದಕ್ಕೆ ಚಾಚಿ ಕೂತರು.