ಐವರ ಕೈಯಲ್ಲೂ ಬೀಗದ ಕೈ

ದನಿ ಜೋರಾದರೆ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದುಕೊಳ್ಳಿ. ನಮ್ಮ ದೊಡ್ಡಮ್ಮನ ಈ ಕಥೆಯನ್ನು ಮೆತ್ತಗೆ ಹೇಳುವುದು ನನ್ನ ಕೈಲಾಗದ ಕೆಲಸ.

ದೊಡ್ಡಮ್ಮ ಬಸ್ ಕಂಡಕ್ಟರ್ ಆಗಿದ್ದವಳು. ಅವಳು ಹಿಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಡ್ರೈವರ್ ಬೆಚ್ಚಿಬಿದ್ದು ಬ್ರೇಕ್ ಒತ್ತುತ್ತಿದ್ದ. ಅವಳ ತಮ್ಮ, ಅಂದರೆ ನನ್ನ ಮಾವ, ವಯಸ್ಸಾದರೂ ಬುದ್ಧಿ ಬೆಳೆಯದವನು. ಕೆಲಸ ಬಿಟ್ಟ ಮೇಲೆ ಅವನಂಥ ಇನ್ನೂ ನಾಲ್ವರನ್ನು ದೊಡ್ಡಮ್ಮ ಮನೆಗೆ ಕರೆತಂದಳು. ಹೆತ್ತವರು ತೀರಿಹೋದ ಮೇಲೆ ಯಾರಿಗೂ ಬೇಡವಾಗಿದ್ದವರು ಅವರು. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಾರೆ.

ಆ ಮನೆಯಲ್ಲಿ ಒಂದು ಪದ್ಧತಿ. ಮುಂಬಾಗಿಲಿನ ಬೀಗದ ಕೈ ಐವರ ಹತ್ತಿರವೂ ಒಂದೊಂದು. "ಹೊರಗೆ ನಿಂತು ಬಾಗಿಲು ತೆಗೀರಿ ಅಂತ ಬೇಡೋದಾದ್ರೆ ಅದು ಅವರ ಮನೆ ಹೆಂಗಾಗುತ್ತೆ?" ಎನ್ನುತ್ತಾಳೆ ದೊಡ್ಡಮ್ಮ. ಅವರಲ್ಲೊಬ್ಬ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಚುವ ಕೆಲಸಕ್ಕೆ ಹೋಗುತ್ತಾನೆ, ನಾನು ಅವನನ್ನು ಲಾಂಡ್ರಿ ಅಣ್ಣ ಅನ್ನುತ್ತೇನೆ; ಅವನಿಗೆ ಮಾತ್ರ ಕೀ ಯಾವ ಕಡೆ ತಿರುಗಿಸಬೇಕೆಂದು ತಿಂಗಳುಗಟ್ಟಲೆ ತಲೆಗೆ ಹತ್ತಲಿಲ್ಲ. ಕೊನೆಗೊಮ್ಮೆ ಬಾಗಿಲು ತೆರೆದಾಗ, ಇಡೀ ಸಂಜೆ ಹಾಕಿ ತೆಗೆದು ಹಾಕಿ ತೆಗೆದು ಎಲ್ಲರ ತಲೆ ತಿಂದ.

ಎದುರುಮನೆಯ ಮೇಷ್ಟ್ರು ದೂರು ಕೊಟ್ಟರು. ಬಂಧುಗಳಲ್ಲದವರು ಒಂದು ಮನೆಯಲ್ಲಿ ಇಬ್ಬರಿಗಿಂತ ಹೆಚ್ಚಿದ್ದರೆ ಅದು ಹಾಸ್ಟೆಲ್ ಅಂತೆ, ಮನೆಗಳಿರುವ ಬೀದಿಯಲ್ಲಿ ಹಾಸ್ಟೆಲ್ ಇರಬಾರದಂತೆ. ಮಾವ ಸ್ವಂತ ತಮ್ಮ, ಉಳಿದುಕೊಳ್ಳಬಹುದು. ಮಿಕ್ಕ ನಾಲ್ವರಲ್ಲಿ ಇಬ್ಬರು ಹೊರಗೆ. ಯಾರಿಬ್ಬರು ಎಂದು ದೊಡ್ಡಮ್ಮನೇ ಆರಿಸಬೇಕು!

"ನಮಗೇನು ದ್ವೇಷ ಇಲ್ಲಮ್ಮಾ," ಎಂದರು ಮೇಷ್ಟ್ರು, ಗೇಟಿನ ಆಚೆಯಿಂದ. "ಆದ್ರೆ ಇದು ಸಂಸಾರಸ್ಥರು ವಾಸ ಮಾಡೋ ಜಾಗ."

"ಇವರೇನು ಇಲ್ಲಿ ಫ್ಯಾಕ್ಟರಿ ನಡೆಸ್ತಿದ್ದಾರಾ ಮೇಷ್ಟ್ರೇ? ನಿಮ್ಮನೇಲಿ ಹತ್ತು ಜನ ಇದ್ದೀರಿ. ನಿಮ್ಮ ಇಬ್ಬರು ಸೊಸೇರು ಒಬ್ಬರ ಮುಖ ಒಬ್ಬರು ನೋಡಲ್ಲ. ನಿಮ್ಮದು ಸಂಸಾರ, ನನ್ನದು ಹಾಸ್ಟೆಲ್ಲಾ?"

ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಾ ಒಳಗೆ ಹೋದರು.

ಆಮೇಲೆ ನಗರಸಭೆಯ ಇನ್‌ಸ್ಪೆಕ್ಟರ್ ಬಂದ. ಕೆಟ್ಟವನಲ್ಲ, ಅದೇ ನನಗೆ ಇನ್ನೂ ಉರಿ. ಅಡುಗೆಮನೆ ನೋಡಿದ, ಒಂದೇ ಒಲೆ, ಒಂದೇ ಊಟದ ಮೇಜು, ಸರಿ ಎಂದ. ಮನೆಗೆ ಬಂದ ಮೇಲೆ ಐವರೂ ತಂತಮ್ಮ ಕೀ ತೂಗುಹಾಕುವ ಬಾಗಿಲ ಪಕ್ಕದ ಮೊಳೆಗಳಲ್ಲಿ ಐದು ಕೀಗಳನ್ನು ಕಂಡು ನಿಂತ.

"ಇದೇ ನೋಡಿಮ್ಮಾ ತೊಂದರೆ. ಆಳಿಗೊಂದು ಕೀ ಇರೋದು ಲಾಡ್ಜಲ್ಲಿ. ಕೀ ಎಲ್ಲ ನಿಮ್ಮ ಹತ್ರ ಇಟ್ಕೊಳ್ಳಿ. ಇನ್ನೊಂದ್ಸಲ ಬರ್ತೀನಿ, ಒಂದೇ ಸಂಸಾರ ಅಂತ ಬರೆದುಬಿಡ್ತೀನಿ. ಯಾರೂ ಹೋಗಬೇಕಾಗಿಲ್ಲ."

ದೊಡ್ಡಮ್ಮ ತುಟಿ ಕಚ್ಚಿಕೊಂಡು ಒಪ್ಪಿದಳು. ಇಬ್ಬರನ್ನು ಬೀದಿಗೆ ಹಾಕುವುದಕ್ಕಿಂತ ಇದು ವಾಸಿ ಅನ್ನಿಸಿತು. ಐದೂ ಕೀಗಳನ್ನು ಬೀರುವಿನಲ್ಲಿಟ್ಟಳು. "ಸ್ವಲ್ಪ ದಿನ ಬೆಲ್ ಒತ್ತಿ. ಸಾಹೇಬರು ಬಂದು ಹೋಗಲಿ, ಕೊಡ್ತೀನಿ," ಎಂದಳು. ನಾಲ್ವರು ತಲೆಯಾಡಿಸಿದರು. ಲಾಂಡ್ರಿ ಅಣ್ಣ ತನ್ನ ಖಾಲಿ ಮೊಳೆಯನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡಿದ.

ಇನ್‌ಸ್ಪೆಕ್ಟರ್ ಮತ್ತೆ ಬಂದಾಗ ದೊಡ್ಡಮ್ಮ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು, ನಾನು ಹಗ್ಗಕ್ಕೆ ಹಾಕುತ್ತಿದ್ದೆ, ಮನೆಯೊಳಗೆ ಬೇರೆ ಯಾರೂ ಇರಲಿಲ್ಲ. ಬೆಲ್ ಸದ್ದು ತಡವಾಗಿ ಕೇಳಿಸಿತು. ಓಡಿ ಬಂದು ಬಾಗಿಲು ತೆಗೆದರೆ, ಮೆಟ್ಟಿಲ ಮೇಲೆ ಇನ್‌ಸ್ಪೆಕ್ಟರ್, ಅವನ ಪಕ್ಕ ಆಗಷ್ಟೇ ಕೆಲಸದಿಂದ ಬಂದ ಲಾಂಡ್ರಿ ಅಣ್ಣ. ಕಾದು ಕಾದು ಬೆವೆತು, ಇವನೇ ಆ ಸಾಹೇಬ ಎಂದು ತಿಳಿಯದೆ, ಬಂದ ಅತಿಥಿಗೆ ಎಲ್ಲವನ್ನೂ ವಿವರಿಸುತ್ತಿದ್ದಾನೆ!

"ನಂಗೆ ಬಾಗಿಲು ತೆಗೆಯಕ್ಕೆ ಬರುತ್ತೆ ಸಾರ್. ಕೀ ಅಕ್ಕ ಬೀರೂಲಿ ಬಚ್ಚಿಟ್ಟವ್ರೆ. ಸಾಹೇಬರು ಬಂದು ಹೋದ್ಮೇಲೆ ಕೊಡ್ತಾರೆ. ಸಾಹೇಬರು ಯಾವಾಗ ಬರ್ತಾರೆ, ನಿಮಗೆ ಗೊತ್ತಾ?"

ಇನ್‌ಸ್ಪೆಕ್ಟರ್ ಅಣ್ಣನನ್ನು ದುರುಗುಟ್ಟಿ ನೋಡಿ ದೊಡ್ಡಮ್ಮನ ಕಡೆ ತಿರುಗಿದ. "ಏನಮ್ಮಾ ಇದು? ನಿಮಗೋಸ್ಕರ ಬರೆಯಕ್ಕೆ ಬಂದ್ರೆ..."

ದೊಡ್ಡಮ್ಮನ ಕಂಡಕ್ಟರ್ ಗಂಟಲು ಎಷ್ಟೋ ವರ್ಷಗಳ ಮೇಲೆ ತೆರೆದುಕೊಂಡಿತು. "ಅವನ ಮೇಲೆ ಕಣ್ಣು ಬಿಡಬೇಡಿ! ನಿಜ ಹೇಳಿದವನು ಈ ಬೀದೀಲಿ ಅವನೊಬ್ಬನೇ. ಸುಳ್ಳಾಡಿದವಳು ನಾನು. ಸ್ವಂತ ಮನೆ ಮುಂದೆ ಅವನನ್ನ ಭಿಕ್ಷುಕನ ಥರ ನಿಲ್ಲಿಸಿದೆನಲ್ಲ, ನಾಚಿಕೆ ಆಗಬೇಕು ನನಗೆ! ನಿಮ್ಮ ನಿಯಮಕ್ಕೂ!"

"ಹಾಗಾದ್ರೆ ಇಬ್ಬರು ಹೋಗಬೇಕಾಗುತ್ತೆ, ನನ್ನ ಕೈಲೇನಿಲ್ಲ."

"ಟಿಕೆಟ್ ತಗೊಂಡವರನ್ನ ನಡುದಾರೀಲಿ ಇಳಿಸಿದವಳಲ್ಲ ನಾನು. ಹಾಸ್ಟೆಲ್ ಅಂತಾನೇ ಬರ್ಕೊಳ್ಳಿ. ಕೋರ್ಟಿಗೆ ಬರ್ತೀನಿ, ಐದು ಜನಾನೂ ಕರ್ಕೊಂಡೇ ಬರ್ತೀನಿ."

ಒಳಗೆ ಹೋಗಿ ಐದೂ ಕೀ ತಂದಳು. ತೆರೆದಿದ್ದ ಬಾಗಿಲನ್ನು ದಢಾರನೆ ಮುಚ್ಚಿ ಬೀಗ ಹಾಕಿದಳು. ನಾವೆಲ್ಲ ಹೊರಗೆ, ಇನ್‌ಸ್ಪೆಕ್ಟರೂ ಹೊರಗೆ. ಅಣ್ಣನ ಕೀಯನ್ನು ಅವನ ಅಂಗೈಗೆ ಹಾಕಿದಳು.

"ತೆಗಿಯಪ್ಪಾ. ಸಾಹೇಬರು ಕಾಯಲಿ."

ಅಣ್ಣ ಮೊದಲು ತಪ್ಪು ಕಡೆ ತಿರುಗಿಸಿದ. ಇನ್‌ಸ್ಪೆಕ್ಟರ್ ಕೈ ಚಾಚಲು ಹೋದ. "ಮುಟ್ಟಬೇಡಿ," ಎಂದೆ ನಾನು.