ಗಂಡನ ಹೆಸರು ಹೇಳದ ಮನೆ

ನನ್ನ ದೊಡ್ಡಮ್ಮನನ್ನು ಕಳೆದವರು ನೀವು. ನೀವು ಎಂದರೆ ಮತದಾರರ ಪಟ್ಟಿಯನ್ನು ಬರೆಸಿದವರು, ಬರೆದವರು, ಬರೆದದ್ದನ್ನು ಓದದೆ ಕೆಳಗೆ ಸಹಿ ಹಾಕಿದವರು. ಬಡಾವಣೆಗೆಂದು ಅವಳ ಊರನ್ನು ಅಳೆಯುವಾಗ ಒಂದು ಗೇಣನ್ನೂ ಬಿಡದ ಸರ್ಕಾರ, ಆ ಊರಿನವರನ್ನು ಬರೆದುಕೊಳ್ಳುವಾಗ ಇಡೀ ಒಂದು ಮನೆಯನ್ನೇ ಬಿಟ್ಟಿತು.

ದೊಡ್ಡಮ್ಮ ಎಂದರೆ ಅಮ್ಮನ ಒಬ್ಬಳೇ ಅಕ್ಕ. ತಾಯಿಯಿಲ್ಲದ ಅಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನಗರದ ಅಂಚಿನಲ್ಲಿ, ಅರೆಕೆರೆಗಿಂತ ಈಚೆಗಿದ್ದ ಒಂದು ಹಳ್ಳಿಗೆ ಅವಳನ್ನು ಕೊಟ್ಟಿದ್ದರು. ಎಪ್ಪತ್ತರ ದಶಕದಲ್ಲಿ, ಮೇಷ್ಟರಾಗಿದ್ದ ಅಪ್ಪನಿಗೆ ರಾಯಚೂರಿನ ಕಡೆಗೆ ವರ್ಗವಾಯಿತು. ದೊಡ್ಡಮ್ಮನಿಗೆ ಓದು ಬರುತ್ತಿರಲಿಲ್ಲ. ಅಮ್ಮ ಹಾಕಿದ ಕಾಗದಗಳಿಗೆ ಮೊದಮೊದಲು ಯಾರೋ ಬರೆದುಕೊಟ್ಟ ಉತ್ತರ ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಎಂಬತ್ತರ ದಶಕದಲ್ಲಿ ನಾವು ಜಯನಗರದ ಬಾಡಿಗೆ ಮನೆಗೆ ಬಂದಾಗ ಆ ಹಳ್ಳಿಯಲ್ಲಿ ಉಳಿದಿದ್ದದ್ದು ಮಾರಮ್ಮನ ಗುಡಿ ಮಾತ್ರ. ರಾಗಿ ಹೊಲದ ತುಂಬ ನಂಬರು ಬರೆದ ಸೈಟುಕಲ್ಲುಗಳು. "ನಿಮ್ ದೊಡ್ಡಪ್ಪ ತೀರ್ಕೊಂಡ್ರು ಕಣವ್ವ. ಉಳಿದೋರು ಬನಶಂಕರಿ ಕಡೆ ಹೋದ್ರು ಅಂತಾರೆ," ಎಂದಷ್ಟೇ ಪೂಜಾರಿ ಹೇಳಿದ.

ಅಷ್ಟು ಹೊತ್ತಿಗೆ ಅಮ್ಮನಿಗೆ ಹೃದಯದ ಕಾಯಿಲೆ. "ಒಂದ್ಸಲ ಅಕ್ಕನ ಮುಖ ನೋಡ್ಬೇಕು ಕಣೆ. ನೀನು ಓದ್ದೋಳು, ಹುಡುಕು," ಎಂದಳು.

ನಾನಾಗ ರಾಜ್ಯಶಾಸ್ತ್ರದ ಎಂ.ಎ. ವಿದ್ಯಾರ್ಥಿನಿ. ಸಾರ್ವಜನಿಕ ದಾಖಲೆ ಸಾರ್ವಜನಿಕರಿಗಾಗಿಯೇ ಇರುವುದೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಆ ನಂಬಿಕೆಯಲ್ಲೇ ಮತದಾರರ ಪಟ್ಟಿಯಿಟ್ಟಿದ್ದ ಕಚೇರಿಯ ಮೆಟ್ಟಿಲು ಹತ್ತಿದೆ. ಗುಮಾಸ್ತರು ಪಟ್ಟಿಯ ಕಟ್ಟಿನ ಮೇಲಿದ್ದ ಟಿಫನ್ ಡಬ್ಬಿಯನ್ನು ಪಕ್ಕಕ್ಕಿಟ್ಟರು.

"ಮನೆ ನಂಬರ್ ಹೇಳಮ್ಮ."

"ಅದು ಗೊತ್ತಿದ್ರೆ ನಿಮ್ಮತ್ರ ಯಾಕೆ ಬರ್ತಿದ್ದೆ ಸಾರ್? ನಮ್ ದೊಡ್ಡಮ್ಮನ ಹೆಸರಿದೆ, ಅವರ ಮಗನ ಹೆಸರಿದೆ."

"ಹೆಸರಿನ ಪ್ರಕಾರ ಪಟ್ಟಿ ಇಲ್ಲ, ಬೀದಿ ಪ್ರಕಾರ ಇರೋದು. ಅಷ್ಟೂ ಕೂತು ಓದ್ತೀರಾ?"

"ಓದ್ತೀನಿ."

ಪಕ್ಕದ ಮೇಜಿನವರು ನಕ್ಕರು. "ಓದ್ಲಿ ಬಿಡಿ ಗುರುಗಳೇ, ಎಂ.ಎ. ಅಂತೆ. ಕೊನೇಲಿ ಪ್ರಶ್ನೆಪತ್ರಿಕೆ ಕೊಡೋಣ."

ಎರಡು ತಿಂಗಳು ಓದಿದೆ. ಬೀದಿಯಾದ ಮೇಲೆ ಬೀದಿ, ಗಂಡ, ತಂದೆ, ಗಂಡ, ತಂದೆ. ಸಂಜೆ ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ನಿಂತಿರುತ್ತಿದ್ದಳು. "ಇನ್ನೂ ಎರಡು ಕಟ್ಟು ಇವೆ," ಎನ್ನುತ್ತಿದ್ದೆ. ಕಟ್ಟುಗಳು ಮುಗಿದ ಮೇಲೂ ಹಾಗೆಯೇ ಅಂದೆ.

ಕೊನೆಗೆ ಆ ಗುಮಾಸ್ತರೇ ಸ್ವರ ತಗ್ಗಿಸಿದರು. "ಬೇಜಾರ್ ಮಾಡ್ಕೋಬೇಡಿ ಮೇಡಂ. ಮರಣದ ರಿಜಿಸ್ಟರ್ ಒಂದ್ಸಲ ನೋಡ್ಬಿಡಿ."

ಅಲ್ಲಿ ದೊಡ್ಡಮ್ಮ ಅರ್ಧ ಗಂಟೆಯಲ್ಲಿ ಸಿಕ್ಕಳು. ಹೆಸರು, ವಯಸ್ಸು, ದಿವಂಗತ ಪತಿಯ ಹೆಸರು, ಮನೆ ನಂಬರು, ಬನಶಂಕರಿ ಎರಡನೇ ಹಂತ, ಎಲ್ಲವೂ ದುಂಡನೆಯ ಅಕ್ಷರದಲ್ಲಿ. ನಾನು ಪಟ್ಟಿ ಓದಲು ಕೂತ ಎರಡನೇ ವಾರದಲ್ಲಿ ಅವಳು ಸತ್ತಿದ್ದಳು. ನಾನು ಹುಡುಕತೊಡಗಿದಾಗ ಅವಳಿನ್ನೂ ಉಸಿರಾಡುತ್ತಿದ್ದಳು.

ಆ ಮನೆಯಲ್ಲಿ ಅವಳ ಸೊಸೆ ನನ್ನನ್ನು ಕೂರಿಸಿ ನೀರು ಕೊಟ್ಟಳು. ಪಟ್ಟಿಯಲ್ಲಿ ನೀವೇಕೆ ಇಲ್ಲವೆಂದು ಕೇಳಿದೆ.

"ಬರ್ಕೊಳ್ಳೋರು ಬಂದಿದ್ರು ಅಕ್ಕ. ನಮ್ಮನೆಯವರು ಫ್ಯಾಕ್ಟ್ರಿಗೆ ಹೋಗಿದ್ರು. ಯಜಮಾನರ ಹೆಸರೇನು, ಅವರ ತಂದೆ ಹೆಸರೇನು ಅಂದ್ರು. ನಮ್ಮತ್ತೆ ಗಂಡನ ಹೆಸರು ಬಾಯಲ್ಲಿ ತಂದೋರಲ್ಲ. ನಾನು ಗಂಡನ ಹೆಸರು ಹೇಳ್ಲಾ, ಮಾವನ ಹೆಸರು ಹೇಳ್ಲಾ? ಇಬ್ರೂ ಮುಖ ಮುಖ ನೋಡ್ಕೊಂಡ್ವಿ. 'ಏನ್ರಮ್ಮ, ಗಂಡಂದಿರು ಇದಾರೋ, ಎಲ್ಲಾದ್ರೂ ಅಡವಿಟ್ಟಿದೀರೋ?' ಅಂತ ರೇಗಿಸಿ ಪುಸ್ತಕ ಮಡಚಿದ್ರು. ಸಾಯಂಕಾಲ ಬನ್ನಿ, ಅವರೇ ಹೇಳ್ತಾರೆ ಅಂದ್ವಿ. ಬರ್ಲೇ ಇಲ್ಲ."

ಹಳ್ಳಿಯಲ್ಲಾಗಿದ್ದರೆ ಬೀದಿಯಲ್ಲಿ ಹೋಗುವ ಯಾರಾದರೂ ಆ ಎರಡು ಹೆಸರನ್ನು ಕೂಗಿ ಹೇಳುತ್ತಿದ್ದರು. ಬಡಾವಣೆಯಲ್ಲಿ ಪಕ್ಕದ ಮನೆಗೂ ಅವು ಗೊತ್ತಿರಲಿಲ್ಲ. ಅಂಕಣ ಖಾಲಿ ಬಿಡುವಂತಿರಲಿಲ್ಲ. ಮನೆಯನ್ನು ಬಿಡಬಹುದಿತ್ತು, ಬಿಟ್ಟರು. ನನ್ನಮ್ಮನೂ ಅಪ್ಪನ ಹೆಸರು ಹೇಳುವವಳಲ್ಲ. ನಾವು ಪಟ್ಟಿಯಲ್ಲಿರುವುದು, ಬರೆದುಕೊಳ್ಳುವವರು ನಮ್ಮ ಮನೆಗೆ ಬಂದ ಮಧ್ಯಾಹ್ನ ನಾನು ಕಾಲೇಜಿಗೆ ಹೋಗಿರಲಿಲ್ಲವೆಂಬ ಒಂದೇ ಕಾರಣಕ್ಕೆ.

ಅಮ್ಮನಿಗೆ ಹೇಳಿದಾಗ ಅವಳು ಅಳಲಿಲ್ಲ. ಮನೆ ಎಲ್ಲಿ ಎಂದು ಕೇಳಿದಳು. ಹೇಳಿದೆ. "ನಡ್ಕೊಂಡೇ ಹೋಗ್ಬಹುದಿತ್ತಲ್ಲೇ," ಎಂದಳು. ಅಂದಿನಿಂದ ಅವಳು ಅಕ್ಕನ ಮಾತೆತ್ತಿಲ್ಲ. ನನ್ನ ಓದಿನ ಮಾತನ್ನೂ ಎತ್ತಿಲ್ಲ.

ಆದುದರಿಂದ ಸಂಬಂಧಪಟ್ಟ ಅಧಿಕಾರಿಗಳಿಂದ ಲಿಖಿತ ಉತ್ತರವನ್ನು ಕೋರುತ್ತೇನೆ. ಆ ಬಾಗಿಲಿಗೆ ಎರಡನೆಯ ಸಲ ಯಾರೂ ಹೋಗದಿದ್ದುದಕ್ಕೆ ಹೊಣೆ ಯಾರು? ಆ ಮನೆಯಲ್ಲಿ ಇನ್ನೂ ಇಬ್ಬರು ಬದುಕಿದ್ದಾರೆ. ಇದನ್ನು ಬರೆಯುವ ಹೊತ್ತಿಗೂ ಅವರು ನಿಮ್ಮ ಪಟ್ಟಿಯಲ್ಲಿಲ್ಲ. ದುಡಿಯುವವರು ಮನೆಗೆ ಮರಳುವ ಹೊತ್ತಿಗೆ ಹೋಗಿ ಅವರನ್ನು ಬರೆದುಕೊಳ್ಳಬೇಕು. ಬಾಗಿಲಿಗೆ ಬಂದ ಹೆಂಗಸನ್ನು ಮೊದಲು ಅವಳ ಹೆಸರನ್ನೇ ಕೇಳಬೇಕು, ಅಷ್ಟರಿಂದಲೇ ಅವಳನ್ನು ದಾಖಲಿಸಬೇಕು. ಉತ್ತರವನ್ನು ನನ್ನ ತಾಯಿಗೆ ಬರೆಯಿರಿ. ಆಕೆ ಓದಬಲ್ಲಳು.